ಕೆರೆ ನೋಡೋಕೆ ಊಟಿಯೋ, ಕೊಡೈಯೋ, ಏರ್ಕಾಡೋ?

ಬೆಂಗಳೂರಿನವರಿಗೆ ಬೆಟ್ಟ, ಚಳಿ, ಊರೊಳಗೇ ಒಂದು ಕೆರೆ, ಮೂರೂ ಒಟ್ಟಿಗೆ ಬೇಕು ಅಂದರೆ ಗಾಡಿ ತಮಿಳುನಾಡಿನ ಕಡೆಗೇ ತಿರುಗುತ್ತದೆ. ಊಟಿ, ಕೊಡೈಕೆನಾಲ್, ಏರ್ಕಾಡು ಮೂರನ್ನೂ ನೋಡಿದ್ದೇನೆ. ನನ್ನ ಓಟು ಕೊಡೈಗೆ. ಆದರೆ ಎಲ್ಲರಿಗೂ ಅದನ್ನೇ ಹೇಳಲಾರೆ, ಯಾಕೆಂದರೆ ದೂರ ಜಾಸ್ತಿ.

ಹತ್ತಿರದ್ದು ಏರ್ಕಾಡು. ಸೇಲಂ ತನಕ ಹೈವೇ, ಆಮೇಲೆ 20 ಹೇರ್‌ಪಿನ್ ತಿರುವು, ಕಾಫಿ ತೋಟ. ಕೆರೆ ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ. ಎತ್ತರ ಸುಮಾರು 1,500 ಮೀಟರ್, ಹಾಗಾಗಿ ಬೇಸಿಗೆಯಲ್ಲಿ ಊಟಿಯ ಚಳಿ ಇಲ್ಲಿ ಸಿಗಲ್ಲ. ಶನಿವಾರ ಹೋಗಿ ಭಾನುವಾರ ಬರುವವರಿಗೆ ಸಾಕು.

ಊಟಿಯಲ್ಲಿ ನನಗೆ ಇಷ್ಟವಾಗಿದ್ದು ದಾರಿ. ಬಂಡೀಪುರ, ಮುದುಮಲೈ ಕಾಡು ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತುವುದೇ ಒಂದು ಮಜಾ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಹಾಗಾಗಿ ಶುಕ್ರವಾರ ಆಫೀಸ್ ಮುಗಿಸಿ ಹೊರಡುವ ಲೆಕ್ಕ ಇಲ್ಲಿ ನಡೆಯಲ್ಲ. 1908ರಲ್ಲಿ ಊಟಿ ತಲುಪಿದ ಪುಟ್ಟ ರೈಲು ಇದೆ. ಕೂನೂರಿನ ತನಕವಾದರೂ ಅದರಲ್ಲಿ ಕೂರಲೇಬೇಕು. ಪೇಟೆಯಲ್ಲಿ ನೀಲಗಿರಿಯ ಬಡಗ ಸಮುದಾಯದವರ ಮಾತು ಕಿವಿಗೆ ಬಿದ್ದರೆ ನಮಗೆ ಅರ್ಧಂಬರ್ಧ ಅರ್ಥವೂ ಆಗುತ್ತದೆ, ಕನ್ನಡಕ್ಕೆ ಅಷ್ಟು ಹತ್ತಿರ.

ಕೆರೆ ಮಾತ್ರ ನಿರಾಸೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1824ರಲ್ಲಿ ಕಟ್ಟಿಸಿದ್ದು. ಈಗ ಬೋಟ್‌ಹೌಸ್ ಅಂದರೆ ಟಿಕೆಟ್, ಕ್ಯೂ, ಕುದುರೆ, ಜೋಳ, ಸೆಲ್ಫಿ. ದಡದಲ್ಲಿ ಸುಮ್ನೆ ನಡೆಯೋಣ ಅಂದರೆ ಜಾಗವೇ ಸಿಗಲ್ಲ.

ಕೊಡೈ ಗೆಲ್ಲುವುದು ಇಲ್ಲೇ. 1863ರಲ್ಲಿ ಮಧುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್ ತೊರೆಗೆ ಅಡ್ಡಕಟ್ಟೆ ಹಾಕಿಸಿ ಮಾಡಿದ ಕೆರೆ ಅದು. ನಕ್ಷತ್ರದ ಹಾಗೆ ಮೂಲೆ ಮೂಲೆಗೆ ಚಾಚಿಕೊಂಡಿದೆ. ಸುತ್ತಲೂ ಸುಮಾರು 5 ಕಿಲೋಮೀಟರ್ ರಸ್ತೆ, ನೀರು ಹೆಚ್ಚುಕಡಿಮೆ ಪೂರ್ತಿ ಪಕ್ಕದಲ್ಲೇ. ಬಾಡಿಗೆ ಸೈಕಲ್ ಸಿಗುತ್ತದೆ, ಆದರೆ ನಡೆಯುವುದೇ ಚೆಂದ. ಪ್ರತಿ ತಿರುವಿನಲ್ಲೂ ಕೆರೆ ಬೇರೆ ಥರ ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ ಮುಂಚೆ ಹೋದರೆ ನಿಮ್ಮ ಜೊತೆ ಮಂಜು, ವಾಕಿಂಗ್ ಬಂದ ಊರವರು ಅಷ್ಟೇ. ದೋಣಿಗೆ ದುಡ್ಡು ಹಾಕದಿದ್ದರೂ ನಷ್ಟವಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಲ್ಲೂ ಸಂತೆಯೇ, ಆಗ ಬೆಟ್ಟದಂಚಿನ ಕಾಲುದಾರಿ ಕೋಕರ್ಸ್ ವಾಕ್ ಕಡೆಗೂ ಹೋಗಬೇಡಿ, ರೂಮಿಗೆ ಹೋಗಿ ಮಲಗಿ. ವಾಪಸ್ ಬರುವಾಗ ಬೆಟ್ಟದ ಬೆಳ್ಳುಳ್ಳಿ ತನ್ನಿ. ಚಾಕೊಲೇಟ್ ಎಲ್ಲ ಕಡೆ ಸಿಗುತ್ತದೆ, ಅಲ್ವಾ?

ತೊಂದರೆ ಅಂದರೆ ಪ್ರಯಾಣ. ಕಾರಲ್ಲಿ 450 ಕಿಲೋಮೀಟರ್ ದಾಟುತ್ತದೆ, ಇಡೀ ದಿನ ಹೋಯಿತು ಅಂತಲೇ ಲೆಕ್ಕ. ರಾತ್ರಿ ರೈಲಿನಲ್ಲಿ ದಿಂಡಿಗಲ್‌ಗೆ ಹೋಗಿ ಅಲ್ಲಿಂದ ಬಸ್ಸು ಹತ್ತುವುದು ವಾಸಿ. ಮೂರು ದಿನ ರಜೆ ಇಲ್ಲದಿದ್ದರೆ ಕೊಡೈ ಯೋಚನೆ ಬಿಡಿ. ಊಟಿಗೂ ಕೊಡೈಗೂ 2024ರ ಮೇ ತಿಂಗಳಿಂದ ಗಾಡಿಗಳಿಗೆ ಇ-ಪಾಸ್ ಬಂದಿದೆ, ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಹೂವು ಕೊಡೈಯಲ್ಲಿ ಹಿಂದಿನ ಸಲ ಬಂದಿದ್ದು 2018ರಲ್ಲಿ. ಅಂದರೆ ಮುಂದಿನ ಸರದಿ 2030. ಆಗ ರೂಮಿನ ರೇಟು ಎಲ್ಲಿಗೆ ಹೋಗುತ್ತದೋ, ಹೂವು ಬೇಡ ಅನ್ನುವವರು ಅದಕ್ಕೆ ಮುಂಚೆಯೇ ಹೋಗಿಬನ್ನಿ.