ಅಡಿಕೆ ರೇಟಿನ ಟಿವಿಗೆ ಆಂಥಿಯಾಸ್ ತಂತ್ರಾಂಶ: ಎರಡು ಮಳೆಗಾಲ ಬಳಸಿದ ಮೇಲೆ

"ತಂಗಿ, ಇದು ಇವತ್ತಿನ ರೇಟಾ, ನಿನ್ನೆದಾ?"

ನಮ್ಮ ಸೊಸೈಟಿಯ ಟಿವಿ ಮುಂದೆ ನಿಂತು ಒಬ್ಬ ಅಜ್ಜ ಹೀಗೆ ಕೇಳಿದ್ದರು. ಕೌಂಟರಿನಿಂದ ತಲೆ ಎತ್ತಿ ನೋಡಿದೆ. ಟಿವಿಯಲ್ಲಿ ಇದ್ದದ್ದು ಎರಡು ದಿನ ಹಿಂದಿನ ರೇಟು. ಅಷ್ಟರಲ್ಲಿ ಅವರು ಮನೆಗೆ ಫೋನ್ ಮಾಡಿ, ರಾಶಿ ಅಡಿಕೆ ಮೂಟೆಗಳನ್ನು ಗಾಡಿಗೆ ಹಾಕಿಸಲು ಹೇಳಿಯಾಗಿತ್ತು. ಆ ಎರಡು ದಿನದಲ್ಲಿ ರೇಟು ಇಳಿದಿತ್ತು. ನಾನು ಓಡಿ ಹೋಗಿ ಹೇಳಿದೆ, ಗಾಡಿ ಹೊರಡಲಿಲ್ಲ. ಆದರೆ ಅವರು ಕೇಳದೇ ಹೋಗಿದ್ದರೆ? ಆ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ಶಿರಸಿ ತಾಲೂಕಿನ ಒಂದು ಹಳ್ಳಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಟಿವಿ ನೋಡಿಕೊಳ್ಳುವುದೂ ನನ್ನ ಕೆಲಸವೇ. ಕೆಳಗೆ ಅಂಗಳದಲ್ಲಿ, ತೂಕದ ಕಾಟಾ ಪಕ್ಕದ ಗೋಡೆಯ ಮೇಲೆ, 43 ಇಂಚಿನ ಟಿವಿ ಇದೆ. ನಾನು ಕೂರುವುದು ಬೇರೆ ಕೋಣೆಯಲ್ಲಿ. ಟಿವಿ ಹತ್ತಿರ ದಿನವಿಡೀ ಯಾರೂ ಇರುವುದಿಲ್ಲ. ಶಿರಸಿ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದು ರೇಟು ನಮ್ಮ ಕೈಗೆ ಬರುವಾಗ ಮಧ್ಯಾಹ್ನ ದಾಟಿರುತ್ತದೆ. ಅಡಿಕೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅನ್ನುವ ಬಗೆಗಳು, ಕೊನೆಗೆ ಕಾಳುಮೆಣಸು. ಒಂದೊಂದಕ್ಕೂ ಕ್ವಿಂಟಾಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು ಅಂತ ಹಾಕಬೇಕು.

ಮೊದಲು ಕರಿಹಲಗೆ ಇತ್ತು. ಆಮೇಲೆ ಪೆನ್ ಡ್ರೈವ್ ಬಂತು. ಪ್ರತಿ ಮಧ್ಯಾಹ್ನ ಸ್ಟೂಲ್ ಹತ್ತಿ, ಟಿವಿ ಹಿಂದೆ ಕೈ ಹಾಕಿ ಪೆನ್ ಡ್ರೈವ್ ಕೀಳಬೇಕು, ಕಂಪ್ಯೂಟರಿಗೆ ಹಾಕಬೇಕು, ಮತ್ತೆ ಚುಚ್ಚಬೇಕು. ಕರೆಂಟು ಹೋಗಿ ಬಂದರೆ ಟಿವಿ ಸುಮ್ನೆ ಹೋಮ್ ಸ್ಕ್ರೀನಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ತಿಂಗಳ ಬಾಡಿಗೆಗೆ ಒಂದು ಆನ್‌ಲೈನ್ ಸೇವೆ ತೆಗೆದುಕೊಂಡೆವು. ಅದರ ಹೆಸರು ಇಲ್ಲಿ ಬೇಡ. ಇಂಟರ್ನೆಟ್ ಹೋದಾಗ ಕೊನೆಯ ಸಲ ಇಳಿಸಿಕೊಂಡ ಸ್ಲೈಡುಗಳನ್ನೇ ಅದು ಸುತ್ತಿಸುತ್ತಿತ್ತು. ಅಜ್ಜ ನೋಡಿದ್ದು ಅದನ್ನೇ. ನೆಟ್ ಹೋಗಿ ಎರಡು ದಿನ ಆಗಿತ್ತು. ಅಲ್ಲಿಯ ಸ್ಲೈಡ್ ಬದಲಿಸಲು ನನಗೆ ಬೇರೆ ದಾರಿ ಇರಲಿಲ್ಲ. ಪರದೆ ನಮ್ಮ ಗೋಡೆ ಮೇಲಿದ್ದರೂ ಅದರ ಹಿಡಿತ ನಮ್ಮ ಕೈಯಲ್ಲಿರಲಿಲ್ಲ.

ಹಳೇ ರೇಟು ತೋರಿಸುವ ಟಿವಿಗಿಂತ ಖಾಲಿ ಟಿವಿ ವಾಸಿ. ಆ ದಿನದಿಂದ ನಾನು ಹುಡುಕಿದ್ದು ಇದಕ್ಕೆ ಒಪ್ಪುವ ಸಾಫ್ಟ್‌ವೇರನ್ನೇ. ಚೆಂದದ ಸ್ಲೈಡ್‌ಶೋ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಬೇಕಿದ್ದದ್ದು ಹೊತ್ತು ಮೀರಿದ ಸ್ಲೈಡನ್ನು ತಾನೇ ತೆಗೆದುಹಾಕುವ, ನೆಟ್ ಇಲ್ಲದಿದ್ದರೂ ನನ್ನ ಮಾತು ಕೇಳುವ ಒಂದು ವ್ಯವಸ್ಥೆ.

ಹಾಗೆ ಸಿಕ್ಕಿದ್ದು ಆಂಥಿಯಾಸ್. ಇದಕ್ಕೆ ಮೊದಲು ಸ್ಕ್ರೀನ್ಲಿ ಓಎಸ್‌ಇ ಅಂತ ಹೆಸರಿತ್ತು, 2022ರಲ್ಲಿ ಬದಲಾಯಿಸಿದರು. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರಿನಲ್ಲಿ ಓಡುತ್ತದೆ. ನಾನು ತೆಗೆದುಕೊಂಡದ್ದು ಪೈ 4, 2 ಜಿಬಿ. ಅದನ್ನು ಟಿವಿಯ ಬೆನ್ನಿಗೆ ಕೇಬಲ್ ಟೈ ಹಾಕಿ ಕಟ್ಟಿದ್ದೇವೆ. ಅಡಾಪ್ಟರ್, 32 ಜಿಬಿ ಮೆಮೊರಿ ಕಾರ್ಡು, ಮೈಕ್ರೋ ಎಚ್‌ಡಿಎಂಐ ಕೇಬಲ್, ಡಬ್ಬಿ ಎಲ್ಲ ಸೇರಿ ನಮಗೆ 6,500 ರೂಪಾಯಿಯ ಆಸುಪಾಸು ಬಿತ್ತು. ಟಿವಿ ಮೊದಲೇ ಇತ್ತು.

ಹಾಕುವ ಕೆಲಸ ಕಷ್ಟವಲ್ಲ, ಸ್ವಲ್ಪ ತಾಳ್ಮೆ ಬೇಕು. ಪೈಗೆ ಮೊದಲು ಅದನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಅದರದೇ ಓಎಸ್‌ನ ಲೈಟ್ ಆವೃತ್ತಿ ಹಾಕಿದೆ. ಆಮೇಲೆ ಆಂಥಿಯಾಸ್‌ನವರು ಕೊಟ್ಟಿರುವ ಒಂದು ಸಾಲಿನ ಆದೇಶ ಕೊಟ್ಟರೆ ಉಳಿದದ್ದನ್ನು ಅದೇ ಇಳಿಸಿಕೊಳ್ಳುತ್ತದೆ. ನಮ್ಮ ನೆಟ್ ವೇಗದಲ್ಲಿ ಅದಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಿತು. ಮುಗಿದ ಮೇಲೆ ಟಿವಿಯಲ್ಲಿ ಒಂದು ಐಪಿ ವಿಳಾಸ, ಅಂದರೆ ನಮ್ಮ ನೆಟ್ಟಿನೊಳಗೆ ಪೈಯನ್ನು ಗುರುತಿಸುವ ಅಂಕಿ, ಬರುತ್ತದೆ. ಅದನ್ನು ನನ್ನ ಕಂಪ್ಯೂಟರಿನ ಬ್ರೌಸರಿನಲ್ಲಿ ಹೊಡೆದರೆ ಆಯಿತು, ಟಿವಿಯ ಕೀಲಿಕೈ ಸಿಕ್ಕ ಹಾಗೆ. ಮೊಬೈಲಿನಲ್ಲೂ ಅದೇ ಪುಟ ತೆರೆಯುತ್ತದೆ. ಬೇರೆ ಆ್ಯಪ್ ಬೇಕಿಲ್ಲ. ರೌಟರಿನ ಸೆಟ್ಟಿಂಗಿಗೆ ಹೋಗಿ ಪೈಗೆ ಯಾವಾಗಲೂ ಅದೇ ಐಪಿ ಸಿಗುವಂತೆ ಮಾಡಿಡಿ. ಇಲ್ಲದಿದ್ದರೆ ಒಂದು ದಿನ ವಿಳಾಸ ಬದಲಾಗಿ, ಪೈಯೇ ಕಾಣೆಯಾಯಿತು ಅಂತ ಗಾಬರಿಯಾಗುತ್ತದೆ.

ಪುಟದಲ್ಲಿ ಎರಡು ಪಟ್ಟಿ ಇರುತ್ತವೆ. ಮೇಲಿನದು ಈಗ ಓಡುತ್ತಿರುವ ಸ್ಲೈಡುಗಳು, ಕೆಳಗಿನದು ಓಡದೇ ಇರುವವು. ಚಿತ್ರ, ವಿಡಿಯೋ ಅಥವಾ ವೆಬ್ ಪುಟದ ವಿಳಾಸ, ಮೂರರಲ್ಲಿ ಯಾವುದನ್ನಾದರೂ ಸೇರಿಸಬಹುದು. ಹಿಡಿದು ಎಳೆದರೆ ಮೇಲೆ ಕೆಳಗೆ ಆಗುತ್ತವೆ. ಹಿಂದಿನದು, ಮುಂದಿನದು ಅನ್ನುವ ಎರಡು ಬಟನ್ ಇವೆ. ಒತ್ತಿದರೆ ಆ ಕಡೆ ಟಿವಿಯಲ್ಲಿ ಸ್ಲೈಡ್ ಬದಲಾಗುತ್ತದೆ. ಮೊದಲ ದಿನ ನಾನು ಮೇಜಿನ ಮುಂದೆ ಕೂತು ಅದನ್ನು ಒತ್ತಿದೆ. ನಮ್ಮ ಜವಾನರು ಅಂಗಳದಿಂದ, "ಅಕ್ಕಾ, ಬಂತು, ಮೆಣಸಿನ ರೇಟು ಬಂತು" ಅಂತ ಕೂಗಿದರು. ಸ್ಟೂಲ್ ಹತ್ತುವುದು ಅಲ್ಲಿಗೆ ನಿಂತಿತು.

ಆದರೆ ನನ್ನ ಮಟ್ಟಿಗೆ ಇದರ ಜೀವ ಇರುವುದು ಕೊನೆಯ ದಿನಾಂಕದಲ್ಲಿ. ಪ್ರತಿ ಸ್ಲೈಡಿಗೂ ಯಾವಾಗ ಶುರು, ಯಾವಾಗ ಮುಕ್ತಾಯ ಅಂತ ದಿನಾಂಕ ಮತ್ತು ಗಂಟೆ ಎರಡನ್ನೂ ಕೊಡಬಹುದು. ಆ ಗಂಟೆ ದಾಟಿದರೆ ಸ್ಲೈಡ್ ತಾನಾಗಿ ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಇಳಿಯುತ್ತದೆ. ಅಳಿಸಿ ಹೋಗುವುದಿಲ್ಲ, ಬರೀ ಟಿವಿಯಿಂದ ಹೋಗುತ್ತದೆ. ನಾನು ರೇಟಿನ ಸ್ಲೈಡಿಗೆಲ್ಲ ಅದೇ ದಿನ ಸಂಜೆ 6 ಗಂಟೆಯ ಮುಕ್ತಾಯ ಕೊಡುತ್ತೇನೆ. ಮರುದಿನ ನಾನು ರಜೆಯಲ್ಲಿದ್ದರೂ, ನೆಟ್ ಇಲ್ಲದಿದ್ದರೂ, ಬೆಳಿಗ್ಗೆ ಟಿವಿಯಲ್ಲಿ ಸೊಸೈಟಿ ಸಮಯ, ಸಾಲದ ಕಂತಿನ ಸೂಚನೆ, ಗೊಬ್ಬರ ಬಂದ ಸುದ್ದಿ ಇಷ್ಟೇ ಇರುತ್ತವೆ. "ನಿನ್ನೆ ರೇಟು ಯಾಕೆ ತೆಗೆದಿರಿ" ಅಂತ ಬೆಳಿಗ್ಗೆ ಕೆಲವರು ಕೇಳುತ್ತಾರೆ. ಬಾಯಲ್ಲಿ ಹೇಳುತ್ತೇನೆ, ನಿನ್ನೆಯದು ಅಂತ ಸೇರಿಸಿಯೇ ಹೇಳುತ್ತೇನೆ.

ಈ ನಂಬಿಕೆಗೆ ಒಂದು ತೂತು ಇತ್ತು. ಅದು ಕಂಡಿದ್ದು ಮೊದಲ ಮಳೆಗಾಲದಲ್ಲಿ. ಜುಲೈಯಲ್ಲಿ ಒಂದು ಮಧ್ಯಾಹ್ನ ಮರ ಬಿದ್ದು ತಂತಿ ಹರಿಯಿತು. ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಮರುದಿನ ಬೆಳಿಗ್ಗೆ ಕರೆಂಟು ಬಂತು, ನೆಟ್ ಬರಲಿಲ್ಲ. ಟಿವಿ ಹೊತ್ತಿಕೊಂಡಿತು. ನೋಡಿದರೆ ನಿನ್ನೆಯ ರೇಟು! ಎದೆ ಧಸಕ್ ಅಂದಿತು. ಆಮೇಲೆ ಕಾರಣ ತಿಳಿಯಿತು. ಪೈ 4 ಬೋರ್ಡಿನಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ, ಅದರ ರಚನೆಯೇ ಹಾಗೆ. ಅದು ಸಮಯ ತಿಳಿದುಕೊಳ್ಳುವುದು ಇಂಟರ್ನೆಟ್ಟಿನಿಂದ. ನೆಟ್ ಸಿಗದಿದ್ದರೆ ಕೊನೆಯ ಸಲ ಬರೆದಿಟ್ಟುಕೊಂಡ ಸಮಯದಿಂದಲೇ ಮುಂದುವರಿಯುತ್ತದೆ. ಅದರ ಲೆಕ್ಕದಲ್ಲಿ ಇನ್ನೂ ನಿನ್ನೆ ಮಧ್ಯಾಹ್ನ. ಸಂಜೆ 6 ಆಗಿಯೇ ಇರಲಿಲ್ಲ. ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಬೆಳಿಗ್ಗೆ ಬೇಗ ಬಂದಿದ್ದರಿಂದ ಯಾರೂ ನೋಡುವ ಮೊದಲು ಟಿವಿ ಆರಿಸಿದೆ.

ಮದ್ದು ಸುಲಭ. ಡಿಎಸ್3231 ಅನ್ನುವ ಗಡಿಯಾರದ ಚಿಕ್ಕ ಮಾಡ್ಯೂಲ್ ಸಿಗುತ್ತದೆ. ಪೈಯ ಪಿನ್ನುಗಳ ಮೇಲೆ ನೇರ ಕೂರುವಂಥದ್ದೂ ಇದೆ, ಬೆರಳ ತುದಿಯಷ್ಟು ದೊಡ್ಡದು, ಅದರಲ್ಲೇ ಚಿಕ್ಕ ಬ್ಯಾಟರಿ ಇರುತ್ತದೆ. ಪೈಯ ಕಾನ್ಫಿಗ್ ಕಡತದಲ್ಲಿ ಒಂದು ಸಾಲು ಸೇರಿಸಬೇಕು. ಕರೆಂಟು, ನೆಟ್ ಎರಡೂ ಇಲ್ಲದಿದ್ದರೂ ಈಗ ಅದಕ್ಕೆ ಗಂಟೆ ಗೊತ್ತಿರುತ್ತದೆ. ಹಾಕಿದ ಮೇಲೆ ಬೇಕೆಂದೇ ನೆಟ್ ವಯರ್ ಕಿತ್ತು, ಒಂದು ರಾತ್ರಿ ಕರೆಂಟು ತೆಗೆದಿಟ್ಟು, ಬೆಳಿಗ್ಗೆ ಹಾಕಿ ನೋಡಿದೆ. ಹಳೇ ಸ್ಲೈಡ್ ಬರಲಿಲ್ಲ. ರೇಟು, ಬಸ್ ಸಮಯ, ವೈದ್ಯರ ಪಾಳಿ, ಹೀಗೆ ದಿನಕ್ಕೊಮ್ಮೆ ಹಳತಾಗುವ ವಿಷಯ ತೋರಿಸುವವರು ಈ ಗಡಿಯಾರವನ್ನು ಪೈ ಜೊತೆಗೇ ಕೊಳ್ಳಿ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಆದರೆ ಅದರ ಬ್ಯಾಟರಿಯನ್ನು ಬೇರೆ ಕೊಳ್ಳಬೇಕು. ಇನ್ನೊಂದು, ಸಮಯವಲಯ ಭಾರತದ್ದೇ ಇದೆಯಾ ನೋಡಿಕೊಳ್ಳಿ. ಪೈಯ ಓಎಸ್ ಬ್ರಿಟನ್ನಿನ ಸಮಯ ಇಟ್ಟುಕೊಂಡೇ ಬರುತ್ತದೆ. ಬದಲಿಸದಿದ್ದರೆ ಸಂಜೆ 6ಕ್ಕೆ ಹೋಗಬೇಕಾದ ಸ್ಲೈಡ್ ರಾತ್ರಿವರೆಗೂ ಕೂತಿರುತ್ತದೆ.

ಆಂಥಿಯಾಸ್ ಪವರ್‌ಪಾಯಿಂಟ್ ಕಡತ ತೆಗೆದುಕೊಳ್ಳುವುದಿಲ್ಲ. ಮೊದಲು ಬೇಸರ ಆಗಿತ್ತು. ಈಗ ಇದೇ ಒಳ್ಳೆಯದು ಅನ್ನಿಸುತ್ತದೆ. ನಾನು ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ರೇಟಿನ ಸ್ಲೈಡ್ ಮಾಡಿ, 1920ಕ್ಕೆ 1080ರ ಚಿತ್ರವಾಗಿ ಉಳಿಸಿ ಹಾಕುತ್ತೇನೆ. ನಮ್ಮ ಹಳೇ ಸೂಚನೆಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಓದಲು ಬಾರದ ಚಿಹ್ನೆಗಳ ಸಾಲು ಬರುತ್ತದೆ. ಚಿತ್ರವಾದರೆ ಆ ತೊಂದರೆ ಇಲ್ಲ. ಒತ್ತಕ್ಷರ ಇದ್ದ ಜಾಗದಲ್ಲೇ ಇರುತ್ತದೆ, ಕಾಗುಣಿತ ಒಡೆಯುವುದಿಲ್ಲ.

ರೇಟನ್ನು ವೆಬ್ ಪುಟವಾಗಿ ತೋರಿಸಿಯೂ ನೋಡಿದೆ. ನೆಟ್ ಇಲ್ಲದ ದಿನ ಅದು ತೆರೆಯಲಿಲ್ಲ. ಚಿತ್ರ ಪೈಯ ಕಾರ್ಡಿನಲ್ಲೇ ಇರುತ್ತದೆ. ಸೊಸೈಟಿಯ ರೌಟರಿಗೆ ಇನ್ವರ್ಟರ್ ಇದ್ದರೆ ಸಾಕು, ಹೊರಗಿನ ಇಂಟರ್ನೆಟ್ ಸತ್ತಿದ್ದರೂ ನನ್ನ ಕಂಪ್ಯೂಟರಿನಿಂದ ಟಿವಿಗೆ ಸ್ಲೈಡ್ ಹೋಗುತ್ತದೆ. ರೇಟನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಹಾಕಿದ ದಿನಗಳೂ ಇವೆ.

ಒಂದು ಸ್ಲೈಡ್ ಎಷ್ಟು ಸೆಕೆಂಡು ಅಂತ ಕೊಡಬೇಕು. ಅದು ತಾನಾಗಿ ಕೊಡುವುದು 10. ನಮ್ಮವರಿಗೆ 10 ಸಾಲದು. ಹಿರಿಯರು ಮೊದಲು ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಸ್ಲೈಡ್ ಹೋಗಿರುತ್ತದೆ. ಒಂದು ವಾರ ಅವರ ಪಕ್ಕ ನಿಂತು ನೋಡಿ ರೇಟಿಗೆ 25 ಸೆಕೆಂಡು ಮಾಡಿದೆ. ಒಂದು ಸ್ಲೈಡಿಗೆ ನಾಲ್ಕು ಸಾಲಿಗಿಂತ ಜಾಸ್ತಿ ಹಾಕುವುದಿಲ್ಲ. ದಿನಾಂಕವನ್ನು ರೇಟಿನಷ್ಟೇ ದೊಡ್ಡ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕುತ್ತೇನೆ.

ಇದರ ಮಿತಿಗಳನ್ನೂ ಹೇಳಬೇಕು. ಒಂದು ಪೈಗೆ ಒಂದು ಪುಟ. ನಿಮ್ಮಲ್ಲಿ ಐದು ಟಿವಿ ಇದ್ದರೆ ಐದು ವಿಳಾಸ ತೆರೆದು ಐದು ಸಲ ಹಾಕಬೇಕು. ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವುದು ಬೇಕಾದರೆ ಆಂಥಿಯಾಸ್ ಮಾಡಿದ ಸ್ಕ್ರೀನ್ಲಿಯವರದೇ, ಹಣ ಕೊಟ್ಟು ಪಡೆಯುವ ಸೇವೆ ಇದೆ. ನಾನು ಹಾಕಿದ ಆವೃತ್ತಿಯಲ್ಲಿ ಪ್ರತಿ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಅಂತ ಸ್ಲೈಡಿಗೆ ಹೇಳಲು ಆಗುವುದಿಲ್ಲ. ವಾರದ ಸಂತೆ ದಿನದ ಸ್ಲೈಡನ್ನು ನಾನು ಪ್ರತಿ ವಾರ ಕೈಯಾರೆ ಹಾಕುತ್ತೇನೆ. ಸಭೆಯಲ್ಲಿ ಮಾತಾಡುತ್ತಾ ಒಂದೊಂದೇ ಸ್ಲೈಡ್ ಬದಲಿಸಲು ಇದು ಸಲ್ಲದು, ಬಟನ್ ಒತ್ತಿದ ಮೇಲೆ ಸ್ವಲ್ಪ ಕಾಯಬೇಕು. ಸೆಪ್ಟೆಂಬರಿನ ವಾರ್ಷಿಕ ಸಭೆಗೆ ನಾವು ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್ ಇಂಪ್ರೆಸ್ ಇಟ್ಟು, ಫೋನಿನಲ್ಲಿ ಅದರ ಇಂಪ್ರೆಸ್ ರಿಮೋಟ್ ಆ್ಯಪ್ ಬಳಸಿದೆವು. ಆ ಕೆಲಸಕ್ಕೆ ಅದೇ ಸರಿ.

ಸೆಟ್ಟಿಂಗಿನಲ್ಲಿ ಪಾಸ್‌ವರ್ಡ್ ಹಾಕಲು ಮರೆಯಬೇಡಿ. ಹಾಕದಿದ್ದರೆ ಸೊಸೈಟಿಯ ವೈಫೈಗೆ ಸೇರಿದ ಯಾರು ಬೇಕಾದರೂ ನಿಮ್ಮ ಟಿವಿಯಲ್ಲಿ ಏನು ಬೇಕಾದರೂ ಹಾಕಬಹುದು. ಅಂಗಳಕ್ಕೆ ಬಂದವರು ವೈಫೈ ಕೇಳಿಯೇ ಕೇಳುತ್ತಾರೆ, ಅಲ್ವಾ? ಅವರಿಗೆ ಬೇರೆ ಗೆಸ್ಟ್ ವೈಫೈ ಮಾಡಿಟ್ಟಿದ್ದೇವೆ. ಮನೆಯಿಂದ ನೋಡಬೇಕು ಅಂತ ರೌಟರಿನಲ್ಲಿ ದಾರಿ ತೆರೆದಿಡುವುದೂ ಬೇಡ. ನಾನು ಪೈಯಲ್ಲೂ ನನ್ನ ಫೋನಿನಲ್ಲೂ ಟೇಲ್‌ಸ್ಕೇಲ್ ಹಾಕಿದ್ದೇನೆ. ನನ್ನ ಫೋನಿಗೂ ಪೈಗೂ ನಡುವೆ ಮಾತ್ರ ಅದು ಒಂದು ಖಾಸಗಿ ದಾರಿ ಮಾಡಿಕೊಡುತ್ತದೆ.

ಅಡಾಪ್ಟರಿನಲ್ಲಿ ಉಳಿತಾಯ ಮಾಡಬೇಡಿ. ಮೊದಲು ಮನೆಯ ಫೋನ್ ಚಾರ್ಜರ್ ಹಾಕಿದ್ದೆ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತಿತ್ತು. ವೋಲ್ಟೇಜ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಪೈಯದೇ 3 ಆ್ಯಂಪ್ ಅಡಾಪ್ಟರ್ ತಂದೆ, ಗುರುತು ಹೋಯಿತು. ಪದೇ ಪದೇ ಕರೆಂಟು ಹೋಗುವ ನಮ್ಮಂಥ ಊರಿನಲ್ಲಿ ಕಾರ್ಡು ಕೆಡುವ ಭಯ ಇದ್ದೇ ಇರುತ್ತದೆ. ಪೈಯನ್ನೂ ಇನ್ವರ್ಟರಿಗೆ ಹಾಕಿದ್ದೇವೆ. ಎಲ್ಲ ಸಿದ್ಧ ಮಾಡಿದ ಇನ್ನೊಂದು ಕಾರ್ಡು ನನ್ನ ಡ್ರಾಯರಿನಲ್ಲಿದೆ. ಎರಡು ಮಳೆಗಾಲದಲ್ಲಿ ಅದನ್ನು ಹೊರಗೆ ತೆಗೆಯಬೇಕಾಗಿ ಬಂದದ್ದು ಒಂದೇ ಸಲ.

ಟಿವಿಯಲ್ಲಿ ನಿಜವಾಗಿ ಏನು ಕಾಣುತ್ತಿದೆ ಅಂತ ಆಂಥಿಯಾಸ್ ಪುಟ ತೋರಿಸುವುದಿಲ್ಲ. ಏನು ಓಡಬೇಕು ಅನ್ನುವ ಪಟ್ಟಿ ಮಾತ್ರ ಅಲ್ಲಿರುತ್ತದೆ. ಟಿವಿಯೇ ಆರಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಅಂಗಳದಲ್ಲಿ ಮೊದಲೇ ಸಿಸಿಟಿವಿ ಇತ್ತು. ಅದರಲ್ಲೊಂದು ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿ ಟಿವಿಯೂ ಕಾಣುವಂತೆ ಮಾಡಿಸಿದೆ. ಈಗ ಮಧ್ಯಾಹ್ನ ಸ್ಲೈಡ್ ಹಾಕಿದ ಮೇಲೆ ಒಂದು ಸಲ ಕ್ಯಾಮೆರಾದಲ್ಲಿ ನೋಡುತ್ತೇನೆ, ಸಂಜೆ 6 ದಾಟಿದ ಮೇಲೆ ಮನೆಯಿಂದ ಇನ್ನೊಂದು ಸಲ. ಮೊನ್ನೆ ಹಾಗೆ ನೋಡುವಾಗ ಅದೇ ಅಜ್ಜ ಟಿವಿ ಮುಂದೆ ನಿಂತಿದ್ದರು. ಕನ್ನಡಕ ಹಾಕಿಕೊಂಡು ಮೊದಲು ಮೇಲಿನ ದಿನಾಂಕ ಓದಿದರು, ಆಮೇಲೆ ರಾಶಿ, ಆಮೇಲೆ ಚಾಲಿ. ಕೌಂಟರಿಗೆ ಬಂದು ಮೂಟೆಯ ಲೆಕ್ಕ ಮಾತ್ರ ಕೇಳಿದರು.