ಎರಡು ಆಟ: ಒಟ್ಟಿಗೇ ಆಡುವುದೋ, ಒಂದಾದ ಮೇಲೊಂದೋ?

ಎರಡು ಆಟಗಳಲ್ಲೂ ಕೈ ಪಳಗಿದವರು ಎರಡನ್ನೂ ಒಟ್ಟಿಗೇ ವೃತ್ತಿಯಾಗಿಸಿಕೊಳ್ಳಬೇಕೇ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕೇ? ಮೊದಲು ನೋಡಬೇಕಾದದ್ದು ದೇಹ.

ಬೋ ಜಾಕ್ಸನ್ ಬೇಸ್‌ಬಾಲ್ ಋತು ಮುಗಿಸಿ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿಕೊಳ್ಳುತ್ತಿದ್ದರು. ಎರಡರಲ್ಲೂ ತಾರೆ. 1991ರ ಜನವರಿಯಲ್ಲಿ ಎದುರಾಳಿ ಹಿಂದಿನಿಂದ ಹಿಡಿದು ಕೆಡವಿದಾಗ ಸೊಂಟದ ಕೀಲು ಹೋಯಿತು, ಫುಟ್‌ಬಾಲ್ ಅಲ್ಲಿಗೇ ನಿಂತಿತು. ಕೃತಕ ಕೀಲು ಹಾಕಿಸಿಕೊಂಡು 1993ರಲ್ಲಿ ಬೇಸ್‌ಬಾಲ್‌ಗೆ ಮರಳಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೂ ಒಂದು ಆಟದ ಪೆಟ್ಟು ಎರಡರ ಬದುಕನ್ನೂ ಕಸಿಯಬಹುದು. ಮೈಗೆ ಮೈ ಬಡಿಯುವ ಆಟ ಜೊತೆಗಿದ್ದರೆ ಒಟ್ಟಿಗೆ ಆಡುವುದು ದುಬಾರಿ. ಹಾಗೆಂದು ಅಸಾಧ್ಯವಲ್ಲ: ಡಿಯಾನ್ ಸ್ಯಾಂಡರ್ಸ್ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್, ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಎರಡರಲ್ಲೂ ಆಡಿದ ಏಕೈಕ ಆಟಗಾರ.

ವೇಳಾಪಟ್ಟಿಯೂ ಮುಖ್ಯ. ಎಲೀಸ್ ಪೆರ್ರಿ 2007ರಲ್ಲಿ, 16ನೇ ವಯಸ್ಸಿಗೇ, ಆಸ್ಟ್ರೇಲಿಯಾ ಪರ ಕ್ರಿಕೆಟ್ಟನ್ನೂ ಫುಟ್‌ಬಾಲನ್ನೂ ಆಡಿದರು. ಮುಂದೆ ಎರಡರ ವಿಶ್ವಕಪ್‌ನಲ್ಲೂ ಕಣಕ್ಕಿಳಿದರು. ಕೊನೆಗೆ ಉಳಿದದ್ದು ಕ್ರಿಕೆಟ್. ಋತುಗಳು ಒಂದರ ಮೇಲೊಂದು ಬೀಳದಿರುವಷ್ಟು ಕಾಲ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ, ಎರಡನ್ನೂ ಹಿಡಿದಿಟ್ಟುಕೊಳ್ಳುವುದೇ ಸರಿ ಎನ್ನುತ್ತೇನೆ.

ಮನಸ್ಸು ದಣಿದವರಿಗೆ ಎರಡನೆಯ ದಾರಿ ಹೆಚ್ಚು ಒಗ್ಗುತ್ತದೆ. ಆ್ಯಶ್ ಬಾರ್ಟಿ 2014ರಲ್ಲಿ ಟೆನಿಸ್ ಬಿಟ್ಟು ಬ್ರಿಸ್ಬೇನ್ ಹೀಟ್ ಪರ ಕ್ರಿಕೆಟ್ ಆಡಿದರು, 2016ರಲ್ಲಿ ಮರಳಿದರು, 2019ರಲ್ಲಿ ಫ್ರೆಂಚ್ ಓಪನ್ ಗೆದ್ದರು. ತಡವಾಗಿ ಹೊಸ ಆಟಕ್ಕೆ ಇಳಿಯುವವರು ಮಾತ್ರ ಮೈಕಲ್ ಜೋರ್ಡನ್‌ರನ್ನು ನೋಡಲಿ: 1994ರಲ್ಲಿ ಕೆಳಹಂತದ ಬೇಸ್‌ಬಾಲ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ .202 (ಅಂದರೆ ಐದು ಯತ್ನಕ್ಕೆ ಸುಮಾರು ಒಂದೇ ಯಶಸ್ವಿ ಹೊಡೆತ), ಮರುವರ್ಷವೇ ಬ್ಯಾಸ್ಕೆಟ್‌ಬಾಲ್‌ಗೆ ವಾಪಸಾದರು.