ವೀವರ್, ಐಸೋಸೆಲಿಸ್, ಚಾಪ್‌ಮನ್, ಒಂಟಿಗೈ: ಪಿಸ್ತೂಲಿಗೆ ಯಾವ ನಿಲುವು, ಯಾರ ಕೈಗೆ?

ತೋಟದಲ್ಲಿ ಕೋವಿ ಹಿಡಿದು ರೂಢಿಯಾದವರು ಪಿಸ್ತೂಲು ಕಲಿಯಲು ನಿಂತರೆ ಅವರ ಎಡಗಾಲು ತಾನಾಗಿಯೇ ಮುಂದೆ ಹೋಗುತ್ತದೆ, ಮೈ ಓರೆಯಾಗುತ್ತದೆ, ಎಡಗಣ್ಣು ಮುಚ್ಚಿಕೊಳ್ಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳೆ ರಕ್ಷಣೆಯ ಕೋವಿ ಇರುವ ಮನೆಗಳಿಂದ ಬಂದವರಲ್ಲಿ ಇದು ಎದ್ದು ಕಾಣುತ್ತದೆ. ಅವರಿಗೆ ಮೈ ಓರೆ ಮಾಡಿ ನಿಲ್ಲುವ ವೀವರ್ ನಿಲುವು ಸಲೀಸು. ಆದರೆ ಸಲೀಸಾಗಿ ಬಂತೆಂದ ಮಾತ್ರಕ್ಕೆ ಅದೇ ಸರಿ ಎಂದುಕೊಳ್ಳಬಾರದು. ಮೊದಲು ಕಣ್ಣು ನೋಡಬೇಕು, ಆಮೇಲೆ ಕೈ, ಕಾಲಿನ ಮಾತು ಕೊನೆಗೆ.

ಕಣ್ಣಿನ ಪರೀಕ್ಷೆಗೆ ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ರೂಪಾಯಿ ನಾಣ್ಯದಷ್ಟು ಸಂದು ಬಿಟ್ಟು, ದೂರದ ಅಡಿಕೆ ಮರದ ಒಂದು ಗೊನೆಯನ್ನು ಎರಡೂ ಕಣ್ಣು ತೆರೆದು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗೊನೆ ಮಾಯವಾಗುತ್ತದೋ ಅದೇ ನಿಮ್ಮ ಗುರಿ ಹಿಡಿಯುವ ಕಣ್ಣು. ಬಲಗೈಯವರಿಗೆ ಎಡಗಣ್ಣು, ಎಡಗೈಯವರಿಗೆ ಬಲಗಣ್ಣು ಮುಂದಾಗಿರುವುದು ಅಪರೂಪವೇನಲ್ಲ. ಕೋವಿ ಹಿಡಿಯುವಾಗ ಒಂದು ಕಣ್ಣು ಮುಚ್ಚುವ ರೂಢಿಯಿಂದ ಇದು ವರ್ಷಗಟ್ಟಲೆ ಗೊತ್ತೇ ಆಗದೆ ಉಳಿದುಬಿಡುತ್ತದೆ.

ವೀವರ್ ನಿಲುವು ಅಮೆರಿಕದ ಲಾಸ್ ಏಂಜಲಿಸ್ ಕೌಂಟಿಯ ಪೊಲೀಸ್ ಅಧಿಕಾರಿ ಜಾಕ್ ವೀವರ್ 1950ರ ದಶಕದ ಕೊನೆಯಲ್ಲಿ ಸ್ಪರ್ಧೆಗಳಿಗಾಗಿ ರೂಢಿಸಿಕೊಂಡದ್ದು. ಮೈ ಸುಮಾರು 45 ಡಿಗ್ರಿ ಓರೆ, ಆಸರೆ ಕೈಯ, ಅಂದರೆ ಪಿಸ್ತೂಲಿಗೆ ಆಸರೆ ಕೊಡುವ ಇನ್ನೊಂದು ಕೈಯ, ಕಡೆಯ ಕಾಲು ಮುಂದೆ, ಎರಡೂ ಮೊಣಕೈ ಮಡಚಿರಬೇಕು. ಪಿಸ್ತೂಲು ಹಿಡಿದ ಕೈ ಮುಂದಕ್ಕೆ ತಳ್ಳುತ್ತದೆ, ಆಸರೆ ಕೈ ಹಿಂದಕ್ಕೆ ಎಳೆಯುತ್ತದೆ. ಗುಂಡು ಹಾರಿದಾಗ ಪಿಸ್ತೂಲು ಕೊಡುವ ಒದೆತವನ್ನು ತಡೆಯುವುದು ಈ ಎಳೆದಾಟವೇ, ಕೆಡುವುದೂ ಇಲ್ಲಿಯೇ. ತಳ್ಳುವಿಕೆ, ಎಳೆತ ಎರಡೂ ಪ್ರತಿ ಗುಂಡಿಗೂ ಒಂದೇ ಪ್ರಮಾಣದಲ್ಲಿರಬೇಕು. ತೋಳು ದಣಿದಂತೆ ಎಳೆತ ಸಡಿಲಾಗಿ ಗುಂಡುಗಳು ಅಡ್ಡಡ್ಡ ಹರಡುತ್ತವೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವವರಿಗಂತೂ ನಾವು ಇದನ್ನು ಹೇಳಿಕೊಡುವುದೇ ಇಲ್ಲ. ಓರೆಯಾದ ಮೈಯಲ್ಲಿ ಪಿಸ್ತೂಲು ಬಲಗಣ್ಣಿನ ಮುಂದೆ ಬಂದು ನಿಲ್ಲುತ್ತದೆ, ಎಡಗಣ್ಣನ್ನು ಅಲ್ಲಿಗೆ ತರಲು ಕತ್ತು ವಾಲಿಸಲೇಬೇಕಾಗುತ್ತದೆ, ಸ್ವಲ್ಪ ಹೊತ್ತಿಗೇ ಕತ್ತಿನ ನರ ಬಿಗಿಯುತ್ತದೆ.

ಐಸೋಸೆಲಿಸ್‌ನಲ್ಲಿ ಎದೆ ಗುರಿಗೆ ನೇರ, ಎರಡೂ ತೋಳು ಸಮವಾಗಿ ಮುಂದಕ್ಕೆ. ಇದರಲ್ಲಿ ಎಡ ಬಲ ಎಂಬ ಭೇದ ಬಹುಪಾಲು ಇಲ್ಲ. ಎಡಗಣ್ಣಿನ ಬಲಗೈಯವರು ಪಿಸ್ತೂಲನ್ನು ಎರಡು ಮೂರು ಸೆಂ.ಮೀ. ಎಡಕ್ಕೆ ತಂದರೆ, ಇಲ್ಲವೇ ಗಲ್ಲವನ್ನು ಕೊಂಚ ಬಲಕ್ಕೆ ತಿರುಗಿಸಿದರೆ ಕೆಲಸ ಮುಗಿಯಿತು. ಪಾದಗಳನ್ನು ಒಂದೇ ಗೆರೆಯಲ್ಲಿ ಇಟ್ಟರೆ ಮಾತ್ರ ಮೈ ಹಿಂದೆ ಮುಂದೆ ತೂಗುತ್ತದೆ. ಹೊಸಬರು ತೂಕಕ್ಕೆ ಹೆದರಿ ಸೊಂಟ ಮುಂದೆ, ಭುಜ ಹಿಂದೆ ಮಾಡಿ ನಿಲ್ಲುತ್ತಾರೆ. ಆಗ ಒಂದೊಂದು ಒದೆತಕ್ಕೂ ಮೈ ಹಿಮ್ಮಡಿಯ ಮೇಲೆ ಹೋಗುತ್ತದೆ. ಪಿಸ್ತೂಲು ಹಿಡಿದ ಕಡೆಯ ಪಾದ ಅರ್ಧ ಅಡಿ ಹಿಂದಿಡಿ, ಮಂಡಿ ಸಡಿಲಿಸಿ, ಭುಜ ಸೊಂಟಕ್ಕಿಂತ ಮುಂದಿರಲಿ. ಎರಡು ಕೈಯ ಅಭ್ಯಾಸಕ್ಕೆ, ಅದರಲ್ಲೂ ಎಡಗೈಯವರಿಗೆ, ನಮ್ಮ ಮೊದಲ ಆಯ್ಕೆ ಇದೇ.

ಚಾಪ್‌ಮನ್ ಇವೆರಡರ ನಡುವಿನದು. ಪಿಸ್ತೂಲಿನ ತೋಳು ನೇರ, ಆಸರೆ ತೋಳು ಮಾತ್ರ ಮಡಚಿ ಎಳೆಯುತ್ತದೆ. ನೇರ ತೋಳೇ ಕೋವಿಯ ಹಿಡಿಯಂತೆ ಕೆಲಸ ಮಾಡುವುದರಿಂದ ಕೋವಿಯವರಿಗೆ ಬೇಗ ಒಗ್ಗುತ್ತದೆ. ಗಲ್ಲವನ್ನು ಆ ತೋಳಿನ ಕಡೆ ತಿರುಗಿಸಿದರೆ ಎದುರು ಬದಿಯ ಕಣ್ಣೂ ಪಿಸ್ತೂಲಿನ ಮೇಲೆ ಗುರಿ ನೋಡಲು ಇರುವ ಸೈಟಿನ ಹಿಂದೆ ಬಂದು ಕೂರುತ್ತದೆ. ವೀವರ್ ಬಿಡಲು ಮನಸ್ಸಿಲ್ಲದವರು ಇದಕ್ಕೆ ಬದಲಾಯಿಸಿಕೊಳ್ಳಲಿ.

ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ಎರಡು ಕೈ ನಡೆಯುವುದಿಲ್ಲ. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಗುರಿಯ ನಡುವಿನ, ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. ಮುಂದಿನ ಮತ್ತು ಹಿಂದಿನ ಸೈಟುಗಳ ನಡುವೆ 32 ಸೆಂ.ಮೀ. ಇದ್ದರೆ, ಸೈಟ್ ಒಂದು ಮಿ.ಮೀ. ತಪ್ಪಿದರೂ ಗುಂಡು ಗುರಿಯಲ್ಲಿ 31 ಮಿ.ಮೀ. ಸರಿಯುತ್ತದೆ, ಹತ್ತು ಅಂಕ ಬರಬೇಕಾದಲ್ಲಿ ಏಳು ಬರುತ್ತದೆ.

ಹಾಗಾಗಿ ಒಂಟಿಗೈ ನಿಲುವಿನಲ್ಲಿ ತೋಳನ್ನು ಎಳೆದು ಗುರಿಗೆ ತರುವುದು ಸಲ್ಲದು, ಮೈಯೇ ಅಲ್ಲಿಗೆ ತಿರುಗಿರಬೇಕು. ಪಾದಗಳ ನಡುವೆ ಭುಜದಗಲ ಬಿಟ್ಟು ಮಗ್ಗುಲಾಗಿ ನಿಲ್ಲಿ, ಕಣ್ಣು ಮುಚ್ಚಿ ತೋಳು ಎತ್ತಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಪಿಸ್ತೂಲು ಗುರಿಯ ಎಡಕ್ಕೆ ನಿಂತಿದ್ದರೆ ಬಲಗೈಯವರು ಹಿಂಗಾಲನ್ನು, ಅಂದರೆ ಎಡಗಾಲನ್ನು, ಕಾಲ್ಬೆರಳಿನ ದಿಕ್ಕಿಗೆ ಸರಿಸಬೇಕು. ಎಡಗೈಯವರ ಹಿಂಗಾಲು ಬಲಗಾಲು. ಅದನ್ನು ಹಿಮ್ಮಡಿಯ ದಿಕ್ಕಿಗೆ ಸರಿಸಬೇಕು. ಬಲಕ್ಕೆ ನಿಂತಿದ್ದರೆ ಇಬ್ಬರಿಗೂ ಇದರ ತದ್ವಿರುದ್ಧ. ಬಲಗೈ ಶಿಕ್ಷಕರ ಮಾತನ್ನು ಹಾಗೆಯೇ ಪಾಲಿಸಿದ ಎಡಗೈ ಮಕ್ಕಳು ಗುರಿಯಿಂದ ಇನ್ನಷ್ಟು ದೂರ ಹೋಗುವುದು ಇದರಿಂದಲೇ. ಸರಿಸುವುದೂ ಎಳ್ಳಷ್ಟೇ: ಪಾದಗಳ ನಡುವೆ 45 ಸೆಂ.ಮೀ. ಇದ್ದಾಗ ಹಿಂಗಾಲು ಒಂದು ಸೆಂ.ಮೀ. ಸರಿದರೆ, ಲೆಕ್ಕದ ಪ್ರಕಾರ 10 ಮೀಟರಿನಲ್ಲಿ ಗುರಿ 22 ಸೆಂ.ಮೀ. ಸರಿಯುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಪಾದದ ಸುತ್ತ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ.

ಕೈ, ಕಣ್ಣು ಬೇರೆ ಬೇರೆ ಇರುವವರು ಪೂರ್ತಿ ಮಗ್ಗುಲಾಗಿ ನಿಲ್ಲದೆ ಎದೆಯನ್ನು ಗುರಿಯ ಕಡೆ ಇನ್ನಷ್ಟು ತೆರೆಯಲಿ, ಕತ್ತು ನೇರ ಉಳಿಯುತ್ತದೆ. ಬಳಸದ ಕಣ್ಣನ್ನು ಚಿವುಟಿ ಮುಚ್ಚಿದರೆ ಇನ್ನೊಂದು ಕಣ್ಣೂ ದಣಿಯುತ್ತದೆ. ಟೋಪಿಗೋ ಕನ್ನಡಕಕ್ಕೋ ಮರೆಪಟ್ಟಿ ಸಿಕ್ಕಿಸಿ, ಅಗಲ 30 ಮಿ.ಮೀ. ದಾಟಬಾರದು. ಇನ್ನು, ಎಡಗಣ್ಣಿದೆ ಎಂದು ಕೈಯನ್ನೇ ಬದಲಿಸಬೇಕೆ? ಹೊಸದಾಗಿ ಕಲಿಯುವ ಮಕ್ಕಳಿಗೆ ಹೌದು, ಒಮ್ಮೆ ಪ್ರಯತ್ನಿಸಲಿ. ಹಂಗೇರಿಯ ಕಾರೋಯ್ ತಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈಗೆ ಪೆಟ್ಟಾದ ಮೇಲೆ ಎಡಗೈಯಲ್ಲಿ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಕೈ ಬದಲಾಗಬಲ್ಲದು, ಕಣ್ಣನ್ನು ಬದಲಿಸುವುದು ಬಲು ಕಷ್ಟ.

ಎಡಗೈಯವರಿಗೆ ಉಪಕರಣವೂ ತೊಡಕೇ. .22 (ಸಣ್ಣ ಗುಂಡಿನ) ಪಿಸ್ತೂಲುಗಳಲ್ಲಿ ಗುಂಡು ತುಂಬುವ ಮ್ಯಾಗಜಿನ್ ಬಿಡಿಸುವ ಗುಂಡಿ ಸಾಮಾನ್ಯವಾಗಿ ಎಡಬದಿಗೆ, ಬಲಗೈ ಹೆಬ್ಬೆರಳಿಗೆಂದು ಇರುತ್ತದೆ. ಎಡಗೈಯವರು ತೋರುಬೆರಳಲ್ಲಿ ಒತ್ತಬೇಕು, ಆ ಹೊತ್ತಿನಲ್ಲಿ ಬೆರಳು ಟ್ರಿಗರ್ ಬಿಟ್ಟು ಹೊರಗೇ ಇರುವುದು ಒಳ್ಳೆಯದೇ. ತಪ್ಪು ಪತ್ತೆಹಚ್ಚುವ ಚಾರ್ಟುಗಳೂ ಬಲಗೈಯವರಿಗೆಂದೇ ಅಚ್ಚಾದವು. ಟ್ರಿಗರನ್ನು ಥಟ್ಟನೆ ಎಳೆದರೆ ಬಲಗೈಯವರ ಗುಂಡು ಕೆಳಗೆ ಎಡಕ್ಕೆ, ಎಡಗೈಯವರದು ಕೆಳಗೆ ಬಲಕ್ಕೆ ಬೀಳುತ್ತದೆ. ಏರ್ ಪಿಸ್ತೂಲು ತರಿಸುವಾಗ ಎಡಗೈ ಗ್ರಿಪ್ಪನ್ನೇ ಕೇಳಿ, ಬಲಗೈಯದನ್ನು ಕೆತ್ತಿ ಹೊಂದಿಸಲು ಹೋಗಬೇಡಿ. ಜಡಿಮಳೆಯ ತಿಂಗಳುಗಳಲ್ಲಿ ಇಲ್ಲಿನ ಥಂಡಿಗೆ ಮರದ ಗ್ರಿಪ್ ಉಬ್ಬಿ ಹಿಡಿತವೇ ಬೇರೆಯಾಗುತ್ತದೆ. ಅಂಗೈ ಕೂರುವ ಹಲಗೆಯ ತಿರುಪನ್ನು ಜೂನ್‌ನಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಸಡಿಲಿಸಿ ಮತ್ತೆ ಹೊಂದಿಸಿಕೊಳ್ಳಿ.